ಅಕ್ಕ ಬಸ್ಸು ಕಲಿತ ವರ್ಷ

‘ಅದು ಹಲಸಿನಕಾಯಿ’ ಎಂದು ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದನ್ನು ಎಂಜಲಿನ ಜೊತೆ ನುಂಗಿಕೊಂಡೆ. ಈಗಲೂ ಮಸಾಲೆ ಹಾಕಿ ಬೇಯಿಸಿದ ಎಳೆ ಹಲಸಿನಕಾಯಿಯ ವಾಸನೆ ಮೂಗಿಗೆ ಬಡಿದರೆ ನನಗೆ ಓಕರಿಕೆ ಬರುತ್ತದೆ. ಮದುವೆ ಮನೆಗಳಲ್ಲಿ ಜನ ಅದನ್ನು ಕೇಳಿ ಕೇಳಿ ಬಡಿಸಿಕೊಂಡು ಚಪ್ಪರಿಸುತ್ತಾರೆ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇನೆ. ಅದು ಕಾಯಿಯ ತಪ್ಪಲ್ಲ. ನನ್ನ ಮೇಲೆ ನನಗೇ ಇರುವ ಹೇಸಿಗೆ ಆ ವಾಸನೆಯನ್ನು ಹಿಡಿದುಕೊಂಡು ಮೇಲಕ್ಕೆ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಚಾಮರಾಜನಗರದ ನಮ್ಮ ಮನೆಗೆ ಅಕ್ಕ ಊರಿಂದ ಬಂದಳು. ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಅದೇ ವಾಸನೆ. ನಾನು ಹಿತ್ತಲಿಗೆ ಓಡಿ ನೀರಿನ ತೊಟ್ಟಿಯ ಪಕ್ಕ ಬಗ್ಗಿ ನಿಂತೆ. ಹಾಗೆ ನಿಂತಿದ್ದಾಗ ಆ ವರ್ಷವೆಲ್ಲ, ಅದರ ಬಿಸಿಲು, ಅದರ ಗಬ್ಬು, ಅಕ್ಕನ ಕೈಯ ನಿಂಬೆಹಣ್ಣು, ಎಲ್ಲ ಕಣ್ಣ ಮುಂದೆ ಬಂತು.

ನಮ್ಮೂರು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಕ್ಕೆ ಇದೆ. ನಾವು ಕೊರಳಲ್ಲಿ ಲಿಂಗ ಕಟ್ಟುವ ಮನೆಯವರು. ಮಾಂಸದ ವಾಸನೆಯನ್ನೂ ಹೊಸಿಲು ದಾಟಲು ಬಿಟ್ಟವರಲ್ಲ. ಅವ್ವ ಹೋದಾಗ ನಾನು ಇನ್ನೂ ಚಡ್ಡಿ ಹಾಕುವ ಹುಡುಗ. ನನ್ನನ್ನು ಸಾಕಿದವಳು ಅಕ್ಕ ಪುಟ್ಟಮ್ಮಣ್ಣಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅಪ್ಪನಿಗೂ ನನಗೂ ಬೇಯಿಸಿ ಹಾಕಿದಳು. ಅಪ್ಪನೂ ಹೋದ ಮೇಲೆ ನನಗೊಬ್ಬನಿಗೇ ಬೇಯಿಸಿ ಹಾಕಿದಳು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಚೆಂಡು ಹೂವಿನ ಫ್ಯಾಕ್ಟರಿಯಲ್ಲಿ ಕೂಲಿ ಮಾಡುತ್ತಿದ್ದೆ.

ಚೆಂಡು ಹೂವು ಅಂದರೆ ನಿಮಗೆ ರಸ್ತೆ ಬದಿಯ ಹಳದಿ ಹೊಲ ಕಾಣಬಹುದು, ಕಾರು ನಿಲ್ಲಿಸಿ ಫೋಟೋ ಹಿಡಿಸಿಕೊಳ್ಳುವವರು ಕಾಣಬಹುದು. ನನಗೆ ಕಾಣುವುದು ಗುಂಡಿ. ಬಣ್ಣ ತೆಗೆಯುವುದಕ್ಕೆ ಮೊದಲು ಹೂವನ್ನು ಗುಂಡಿಗೆ ಸುರಿದು, ತುಳಿದು, ಪ್ಲಾಸ್ಟಿಕ್ ಹೊದಿಸಿ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಅದನ್ನು ಬಗೆದು ಹೊರಗೆ ಹಾಕುವವರು ನಾವು. ಹುಳಿತ ಮಜ್ಜಿಗೆಯಲ್ಲಿ ಸತ್ತ ಹೆಗ್ಗಣ ನೆನೆಸಿಟ್ಟಂಥ ಗಬ್ಬು. ಉಗುರಿನ ಸಂದಿಗೆ, ಕಿವಿಯ ಹಿಂದಕ್ಕೆ, ಉಗುಳಿನೊಳಕ್ಕೆ ಇಳಿಯುತ್ತಿತ್ತು. ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದ ಸೀಟು ಖಾಲಿ. ಹೋಟೆಲಿನವನು ನನಗೆ ಟೀಯನ್ನು ಹೊರಗೇ ತಂದುಕೊಡುತ್ತಿದ್ದ. ಅಕ್ಕ ಮಾತ್ರ ಒಂದು ದಿನವೂ ಮೂಗು ಮುಚ್ಚಲಿಲ್ಲ. ಸಂಜೆ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕೈಗೆ ಕೊಟ್ಟು, ನನ್ನ ಬಟ್ಟೆಯನ್ನು ತಾನೇ ಕಲ್ಲಿಗೆ ಬಡಿದು ಒಗೆಯುತ್ತಿದ್ದಳು.

“ಬಿಸಾಕಕ್ಕ ಆ ಅಂಗಿನ, ನಾರ್ತದೆ,” ಅಂದರೆ, “ಅನ್ನ ಹಾಕೋ ಗಬ್ಬು ಕಣ್ಲಾ ಮಲ್ಲು, ಬುಡು,” ಅನ್ನುತ್ತಿದ್ದಳು.

ಆ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಕಡೆಗೆ ಸಿನಿಮಾದವರು ಬಂದರು. ಹಾಡು ಕುಣಿತದವರಲ್ಲ. ಗಡ್ಡ ಬಿಟ್ಟ ಒಬ್ಬ ಹುಡುಗ ಡೈರೆಕ್ಟರು, ಅವನ ಜೊತೆಗೆ ಎಲ್ಲವನ್ನೂ ನಿಭಾಯಿಸುವ ಶೈಲಾ ಎಂಬ ಹೆಣ್ಣುಮಗಳು, ಲೈಟು ಹೊರುವ ಬೆಂಗಳೂರಿನ ಹುಡುಗರು. ಪುಣಜನೂರಿನ ಹತ್ತಿರ ಕಾಡಂಚಿನ ಮನೆಯೊಂದರಲ್ಲಿ ಶೂಟಿಂಗ್. ಜೈಲಿನಿಂದ ಬಂದ ಮಗನನ್ನು ತಾಯಿ ಮನೆಯೊಳಗೆ ಕರೆದುಕೊಳ್ಳುವ ಕಥೆ. ತಾಯಿಯ ವೇಷಕ್ಕೆ ಒಂದು ಮುಖ ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. ನಮ್ಮೂರಿನ ಸ್ಟಾಪಿನಲ್ಲಿ ಬಸ್ಸಿನ ಟಾಪಿನಿಂದ ಬದನೆಕಾಯಿ ಮೂಟೆಯನ್ನು ಎಸೆದ ಕ್ಲೀನರನಿಗೆ ಅಕ್ಕ ಬೈಯುತ್ತಿದ್ದಳು.

“ಲೇ, ಅದೇನು ನಿಮ್ಮತ್ತೆ ಮನೆ ಮೂಟೆ ಅನ್ಕಂಡಿದ್ದೀಯಾ? ಇಳ್ದು ಬಾ ಕೆಳಕ್ಕೆ, ನಿನ್ನೇ ಎತ್ತಿ ಬಿಸಾಕ್ತೀನಿ, ಎಂಗಿರ್ತದೆ ನೋಡು!”

ಡೈರೆಕ್ಟರು ಅಲ್ಲೇ ನಿಂತು ಕೇಳಿ, “ಇವರೇ ಬೇಕು,” ಅಂದನಂತೆ.

ಅಕ್ಕ ಮೊದಲು ಒಪ್ಪಲಿಲ್ಲ. ಬೇಸಿಗೆಯಲ್ಲಿ ಹೂವಿಲ್ಲ, ಫ್ಯಾಕ್ಟರಿಯಲ್ಲಿ ಕೆಲಸವಿಲ್ಲ, ನಾನು ಮನೆಯಲ್ಲಿ ಬಿದ್ದುಕೊಂಡಿದ್ದೆ. “ನಮ್ಮ ಹುಡುಗನಿಗೂ ಏನಾದ್ರೂ ಕೆಲ್ಸ ಕೊಟ್ಟೀರಾ?” ಎಂದು ಕೇಳಿದಳು. ಲೈಟು ಹೊರಲು ನನ್ನನ್ನು ಸೇರಿಸಿಕೊಂಡರು. ಆಮೇಲೆ ಅವಳು ಹೂಂ ಅಂದಳು. ನನಗೋಸ್ಕರ ಒಪ್ಪಿದಳು.

ದಿನಾ ಬೆಳಿಗ್ಗೆ ಚಂದಕವಾಡಿಯ ಸಿದ್ದು ಎಂಬುವನು ಜೀಪಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ. ಅಕ್ಕನಿಗೆ ಬಸ್ಸು ಹತ್ತಿದರೆ ವಾಂತಿ. ಜೀಪಿಗೆ ಟಾಪು ಇರಲಿಲ್ಲವಾದ್ದರಿಂದ ಗಾಳಿ ಬಡಿದು ಬಚಾವಾಗುತ್ತಿದ್ದಳು. ಬಿಸಿಲು ಹೇಗಿತ್ತೆಂದರೆ ಕಾಡೆಲ್ಲ ಒಣಗಿ ಬಿದಿರು ಚಟಪಟ ಅನ್ನುತ್ತಿತ್ತು. ಒಂದು ದಿನ ಶೈಲಾ ಬಂದು, ಮುಂದಿನ ಸೀನಿನಲ್ಲಿ ತಾಯಿ ಮಗನಿಗೆ ಬಾಡೂಟ ಬಡಿಸಿ ತಾನೂ ತಿನ್ನಬೇಕು ಅಂದರು.

ಅಕ್ಕ ಸೆರಗು ಕೊಡವಿಕೊಂಡು ಎದ್ದೇಬಿಟ್ಟಳು. “ಅದೊಂದು ಆಗಾಕಿಲ್ಲ ಕನವ್ವ. ಬೇಕಾದ್ರೆ ಬೇರೆಯೋರ್ನ ನೋಡ್ಕಳಿ.”

ಡೈರೆಕ್ಟರು ತಲೆ ಕೆರೆದುಕೊಂಡ. ಸೀನು ಬಿಡುವ ಹಾಗಿಲ್ಲ. ಆಗ ಅಕ್ಕನೇ ಅಂದಳು: “ನೋಡೋರಿಗೆ ಬಾಡು ಅಂತ ಕಂಡ್ರೆ ಸಾಕಲ್ವಾ? ಎಳೇ ಹಲಸಿನಕಾಯಿ ತಂದ್ಕೊಡಿ. ನಾಳಿಕ್ ನಮ್ಮನೇಲಿ ಮಾಡ್ಕೊಂಡ್ ಬತ್ತೀನಿ. ನಿಮ್ಮ ಕ್ಯಾಮರಾಕ್ಕೇನು, ಎಂಥವನಿಗೂ ಗೊತ್ತಾಗಾಕಿಲ್ಲ.”

ಮಾರನೇ ದಿನ ನಸುಕಿಗೇ ಎದ್ದು ಮಾಡಿದಳು. ಕೈಗೆ ಎಣ್ಣೆ ಸವರಿಕೊಂಡು ಕಾಯಿ ಹೆಚ್ಚಿದಳು, ಕಾಯಿತುರಿ, ಧನಿಯ, ಚಕ್ಕೆ ಲವಂಗ ಹುರಿದು ಕಲ್ಲಿನಲ್ಲಿ ಅರೆದಳು. ಮೂಳೆ ಬೇಕಲ್ಲ ಎಂದು ಅವಳಿಗೆ ಹೊಳೆದದ್ದು ಆಗ. “ಮಲ್ಲು, ಇತ್ಲ ನುಗ್ಗೆಮರದಲ್ಲಿ ಎರಡು ಕಡ್ಡಿ ಮುರ್ಕೊಂಬಾ, ಸಿಪ್ಪೆ ಎರ್ದು ಕೊಡು,” ಅಂದಳು. ನಾನು ಹೆರೆದು ಕೊಟ್ಟೆ. ಬೆಳ್ಳಗಿನ ಕಡ್ಡಿಯನ್ನು ಹೋಳಿಗೆ ಚುಚ್ಚಿ ಸಾರಿನಲ್ಲಿ ಬೇಯಿಸಿದಾಗ, ನನಗೇ ಒಂದು ಗಳಿಗೆ ಮೈ ಜುಮ್ಮೆಂದಿತು, ಥೇಟು ಮೂಳೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅದೇ ಪಾತ್ರೆಯಿಂದ ಬಡಿಸಿಕೊಂಡು ನಾನು ಮುದ್ದೆ ಉಂಡೆ. ಪಾತ್ರೆಗೆ ಬಟ್ಟೆ ಬಿಗಿದು ಜೀಪಿಗೆ ಹೊತ್ತುಕೊಂಡು ಹೋದವನೂ ನಾನೇ.

ಕ್ಯಾಮರಾದ ಮುಂದೆ ಅಕ್ಕ ಆ ಹೋಳನ್ನು ಎತ್ತಿ, ಮಗನ ವೇಷದವನನ್ನೇ ನೋಡುತ್ತ, ನಿಧಾನವಾಗಿ ಬಾಯಿಗಿಟ್ಟಳು. ಡೈರೆಕ್ಟರ ಕಣ್ಣು ಒದ್ದೆಯಾಗಿತ್ತು.

ಈಗ ನಾನು ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ. ಅದೇ ದಿನ ಮಧ್ಯಾಹ್ನ ಅಕ್ಕ ಮರದ ಕೆಳಗೆ ತನ್ನ ಗಂಟು ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಸಿನಿಮಾದವರ ಊಟವನ್ನು ಅವಳು ಒಂದು ದಿನವೂ ಮುಟ್ಟಲಿಲ್ಲ. ಜನರೇಟರ್ ವ್ಯಾನಿನ ಹಿಂದೆ ಲೈಟಿನ ಹುಡುಗರು ಬಿರಿಯಾನಿ ಹಾಕಿಕೊಂಡು ಕೂತಿದ್ದರು. ಸಿದ್ದುವೂ ಇದ್ದ.

“ಏನ್ ಗುರು, ಪುಳ್ಚಾರಾ?” ಎಂದು ಒಬ್ಬ ನಕ್ಕ. “ಇವ್ರಕ್ಕ ಕ್ಯಾಮರಾ ಮುಂದೆ ಹಲಸಿನಕಾಯಿ, ತಮ್ಮ ಕ್ಯಾಮರಾ ಹಿಂದೆ ಮೊಸರನ್ನ!”

ಅವರ ನಗೆ ತಡೆಯಲಾಗಲಿಲ್ಲ. ತಟ್ಟೆಗೆ ಕೈ ಹಾಕಿದೆ. ಮೊದಲ ತುತ್ತಿಗೆ ಗಂಟಲು ಕಿತ್ತುಕೊಂಡು ಬಂತು. ಆಮೇಲೆ ರುಚಿ ಹತ್ತಿತು. ಸುಳ್ಳು ಹೇಳಲಾರೆ, ಬೆರಳು ನೆಕ್ಕಿದೆ. ಸಿದ್ದು ನನ್ನ ಬೆನ್ನಿಗೆ ಗುದ್ದಿ, “ಏನ್ಲಾ ಸಾಮಿ, ಮೂಳೆನೂ ಬುಡ್ಲಿಲ್ವಲ್ಲಾ!” ಅಂದ. ಕೈ ತೊಳೆಯಲು ನೀರು ದೂರ ಇತ್ತು. ಅಂಗಿಗೇ ಒರೆಸಿಕೊಂಡೆ.

ಸಿನಿಮಾದವರು ಹೋದರು, ಮಳೆ ಬಂತು. ಹೂವು ಅರಳಿತು, ಕಿತ್ತರು, ಗುಂಡಿ ತುಂಬಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಫೋನಿಗೆ ಶೈಲಾ ಕರೆ ಮಾಡಿದರು. ಸಿನಿಮಾ ಕ್ಯಾಲಿಕಟ್ಟಿನ ಒಂದು ಫಿಲಂ ಫೆಸ್ಟಿವಲ್ಲಿಗೆ ಆಯ್ಕೆಯಾಗಿದೆ, ಅಮ್ಮನನ್ನು ಕರೆದುಕೊಂಡು ನೀವೂ ಬನ್ನಿ, ಉಳಿಯಲು ರೂಮು ಇದೆ ಅಂದರು. ನಾನು ಮನೆಗೆ ಓಡಿ ಹೇಳಿದೆ.

“ಸಿನಿಮಾ ಅಬ್ಬನಾ?” ಅಕ್ಕ ಒಲೆ ಊದುವುದನ್ನು ನಿಲ್ಲಿಸಿದಳು. “ಯಾವ್ ದೇವ್ರಿಗ್ಲಾ ಮಾಡೋದು?”

“ದೇವ್ರು ಗೀವ್ರು ಇಲ್ಲ ಕನಕ್ಕ. ದೇಶದ ಸಿನಿಮಾ ಎಲ್ಲಾ ತಂದು ತೋರಿಸ್ತಾರಂತೆ. ಜನ ಕ್ಯೂ ನಿಂತು ನೋಡ್ತಾರಂತೆ. ನಿಂದೂ ಇರ್ತದೆ.”

“ನನ್ ಮೊಕ ಎಷ್ಟಗಲ ಕಾಣ್ತದ್ಲಾ?”

“ನಮ್ಮ ಈ ಗೋಡೆಗಿಂತ ದೊಡ್ದು.”

ಅವಳು ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ರೇಷನ್ ಕಾರ್ಡಿನಲ್ಲಿ ಮಸಿ ಬಳಿದ ಹಾಗೆ ಬಂದಿದ್ದ ಒಂದು ಚೂರು ಬಿಟ್ಟರೆ ಅಕ್ಕನದೊಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಮದುವೆಯ ಪಟ ಗಂಡನ ಮನೆಯಲ್ಲೇ ಉಳಿದುಬಿಟ್ಟಿತ್ತು. “ಓಗನ ಕಣ್ಲಾ,” ಅಂದಳು. “ಸಾಯೋದ್ರೊಳಗೆ ನಾನ್ ಎಂಗಿದ್ದೀನಿ ಅಂತ ನಾನೂ ಒಂದ್ಸಲ ನೋಡ್ಬುಡ್ತೀನಿ.”

ಆದರೆ ಕ್ಯಾಲಿಕಟ್ಟಿಗೆ ಹೋಗುವುದು ಹೇಗೆ? ಗುಂಡ್ಲುಪೇಟೆಯಿಂದ ಬಸ್ಸು, ಕಾಡು ದಾಟಿ, ವಯನಾಡಿನ ಘಾಟಿ ಇಳಿಯಬೇಕು. ಅಕ್ಕನಿಗೆ ಗುಂಡ್ಲುಪೇಟೆ ಮುಟ್ಟುವುದೇ ಕಷ್ಟ. ಅವಳೇ ಉಪಾಯ ಕಂಡುಕೊಂಡಳು. ಎತ್ತಿಗೆ ನೊಗ ಕಲಿಸುವ ಹಾಗೆ ಮೈಗೆ ಬಸ್ಸು ಕಲಿಸಬೇಕು; ಹತ್ತಿರದಿಂದ ಶುರು ಮಾಡಿ ದೂರ ದೂರಕ್ಕೆ ಹೋಗುತ್ತ ಬರಬೇಕು. ನನ್ನ ರಜೆಯ ದಿನವೆಲ್ಲ ಇದೇ ಕೆಲಸವಾಯಿತು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು, ಯುದ್ಧಕ್ಕೆ ಹೊರಟವಳ ಹಾಗೆ ಕೂರುತ್ತಿದ್ದಳು.

ಮೊದಲ ಸಲ ಗುಂಡ್ಲುಪೇಟೆ ಇನ್ನೂ ಕಾಣುವ ಮೊದಲೇ ವಾಂತಿಯಾಯಿತು. ಕಿಟಕಿಗೆ ತಲೆ ಹಾಕುವಷ್ಟರಲ್ಲಿ ಬಸ್ಸಿನೊಳಗೇ ಬಿತ್ತು. ಹೆಂಗಸರು ಸೀರೆ ಎತ್ತಿಕೊಂಡು ದೂರ ಸರಿದರು. ಕಂಡಕ್ಟರ್ ಬಾಯಿಗೆ ಬಂದ ಹಾಗೆ ಬೈದ. ನಾನು ಎರಡು ಸೀಟು ಮುಂದೆ ಕೂತಿದ್ದೆ.

“ಯಾರಪ್ಪಾ ಈ ಯಮ್ಮನ್ ಕಡೆಯೋರು? ನೀನಾ?” ಎಂದು ಅವನು ನನ್ನನ್ನು ಕೇಳಿದ.

ನಾನು ಕಿಟಕಿಯ ಆಚೆ ನೋಡಿದೆ. ಆ ನಾತ, ಆ ಜನರ ಮುಖ ಸಿಂಡರಿಕೆ, ಎಲ್ಲಕ್ಕೂ ಅಸಹ್ಯವಾಗಿ ನಾನು ಯಾರೋ ಅವಳು ಯಾರೋ ಅನ್ನುವ ಹಾಗೆ ಕೂತುಬಿಟ್ಟೆ. ದಿನಾ ಹೆಗ್ಗಣದ ಗಬ್ಬು ಹೊತ್ತು ಮನೆಗೆ ಹೋಗುವ ನಾನು! ಅಕ್ಕ ತನ್ನ ಸೆರಗಿನಿಂದಲೇ ಬಸ್ಸಿನ ನೆಲ ಒರೆಸಿದಳು. ಇಳಿದ ಮೇಲೆ ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು, “ಇವತ್ತು ಗದ್ದೆ ಬಯಲು ತಂಕ ತಡ್ಕಂಡೆ ಅಲ್ವಾ?” ಎಂದು ನಕ್ಕಳು. ಅವಳಿಗೆ ತಿಳಿಯಲಿಲ್ಲ ಅಂದುಕೊಂಡೆ. ಅವಳಿಗೆ ತಿಳಿಯದ್ದು ಏನಿತ್ತು?

ಬರಬರುತ್ತ ಅವಳು ಕಲಿತಳು. ಗುಂಡ್ಲುಪೇಟೆ ಗೆದ್ದಳು, ಆಮೇಲೆ ಚಾಮರಾಜನಗರ. ಅದೇ ಕಂಡಕ್ಟರ್ ಕೊನೆಕೊನೆಗೆ, “ಬಾರಮ್ಮಾ ಸಿನಿಮಾದೋಳೇ, ಮುಂದಿನ ಸೀಟು ಇಟ್ಟಿವ್ನಿ,” ಅನ್ನುತ್ತಿದ್ದ. “ಗೋಪಾಲಸ್ವಾಮಿ ಬೆಟ್ಟದ ತಿರುವು ಅತ್ತಿ ಇಳಿದ್ರೆ ಕೇರಳದ ಘಾಟಿ ಏನ್ ಮಹಾ?” ಎಂದು ಅಕ್ಕ ಬೆಟ್ಟಕ್ಕೂ ಹೋಗಿಬಂದಳು. ಮಂಜಿನಲ್ಲಿ ಬಸ್ಸಿನಿಂದ ಇಳಿದು, ಬಾಯಿ ಒಣಗಿಸಿಕೊಂಡೇ, ನಿಂಬೆಹಣ್ಣನ್ನು ನನ್ನ ಮುಖಕ್ಕೆ ಹಿಡಿದು, “ನೋಡು, ಮೂಸ್ಲೇ ಇಲ್ಲ!” ಅಂದಳು.

ಗುಂಡ್ಲುಪೇಟೆಯಲ್ಲಿ ಚಪ್ಪಲಿ ತೆಗೆದುಕೊಂಡು, ಕಾಲಿಗೆ ಕಚ್ಚಬಾರದೆಂದು ಅಂಗಳದಲ್ಲಿ ಹಾಕಿಕೊಂಡು ಓಡಾಡುತ್ತಿದ್ದಳು. ಹೂವು ಕಿತ್ತು ಕಪ್ಪಾಗಿದ್ದ ಬೆರಳುಗಳಿಗೆ ಹುಣಿಸೆಹಣ್ಣು ತಿಕ್ಕಿ ತಿಕ್ಕಿ ಸುಲಿಸಿಕೊಂಡಳು. ಏನು ಉಟ್ಟುಕೊಳ್ಳಲಿ ಎಂದು ಶೈಲಾ ಅವರನ್ನು ಫೋನಿನಲ್ಲಿ ಕೇಳಿಸಿದಳು. ದಿನಾ ಉಡುವ ಸೀರೆಯೇ ಸಾಕು ಅಂದದ್ದಕ್ಕೆ, “ಆ ಹುಡುಗಿಗೆ ತಿಳುವಳ್ಕೆ ಸಾಲ್ದು,” ಎಂದು ಅವ್ವನ ನೀಲಿ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಆ ಊರಿನಲ್ಲಿ ಯಾವ ಪಾತ್ರೆಯಲ್ಲಿ ಏನು ಬೇಯಿಸಿರುತ್ತಾರೋ ಎಂದು ರೊಟ್ಟಿ, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿದಳು. ಊಟದ ವಿಷಯದಲ್ಲಿ ನಮ್ಮ ವಂಶದಲ್ಲೇ ಅಷ್ಟು ನಿಷ್ಠೆಯವರು ಇರಲಿಲ್ಲ. ಅಂಥವಳ ಮೇಲೇ ಬಾಡು ತಿಂದಳೆಂಬ ಮಾತು ಬರಬೇಕೇ?

ಆ ಹೊತ್ತಿಗೆ ಹರದನಹಳ್ಳಿಯಲ್ಲಿ ನನಗೆ ಹೆಣ್ಣು ನೋಡಿ ಒಪ್ಪಿಗೆಯಾಗಿತ್ತು. ಹುಡುಗಿಯ ಹೆಸರು ನಿರ್ಮಲ. ಗುಂಡಿಯಲ್ಲಿ ಕೆಲಸ ಮಾಡುವವನಿಗೆ ಹೆಣ್ಣು ಕೊಡುವವರೇ ಇಲ್ಲದಿದ್ದಾಗ ಅಕ್ಕ ಅವರಿವರ ಮನೆ ಬಾಗಿಲು ತಿರುಗಿ ಕುದುರಿಸಿದ ಸಂಬಂಧ ಅದು. ಶಾಸ್ತ್ರ ಒಂದು ಬಾಕಿ.

ನಾಳೆ ಬೆಳಿಗ್ಗೆ ಕ್ಯಾಲಿಕಟ್ಟಿಗೆ ಹೊರಡಬೇಕು ಅನ್ನುವ ದಿನ ಹುಡುಗಿಯ ತಂದೆ, ಜೊತೆಗೆ ಇನ್ನಿಬ್ಬರು ಹಿರಿಯರು, ಹೇಳದೆ ಕೇಳದೆ ಬಂದಿಳಿದರು. ಕರೆತಂದ ಜೀಪು ಸಿದ್ದುವಿನದು. ಸುದ್ದಿ ಕೇಳಿ ನಮ್ಮ ದೊಡ್ಡಪ್ಪ ಪಕ್ಕದ ಮನೆಯಿಂದ ಬಂದರು. ಎಲ್ಲರೂ ಜಗುಲಿಯ ಮೇಲೆ ಕೂತರು. ಅಕ್ಕ ಕಾಫಿ ಮಾಡಿ ತಂದಿಟ್ಟು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಒಬ್ಬರೂ ಲೋಟ ಮುಟ್ಟಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.

ಹುಡುಗಿಯ ತಂದೆ ಜೇಬಿನಿಂದ ಪೇಪರಿನ ಒಂದು ಹಾಳೆ ತೆಗೆದು ಹರಡಿದರು. ಆ ಫೆಸ್ಟಿವಲ್ಲಿನ ಸುದ್ದಿ. ಜೊತೆಗೆ ಅಕ್ಕನ ಚಿತ್ರ: ಕೈಯಲ್ಲಿ ಮಸಾಲೆ ಮೆತ್ತಿದ ಹೋಳು, ಹೋಳಿನಿಂದ ಚಾಚಿದ ಬೆಳ್ಳನೆಯ ಮೂಳೆ, ತೆರೆದ ಬಾಯಿ.

ದೊಡ್ಡಪ್ಪನ ಮುಖ ಹುಳಿ ತಿಂದಂತಾಯಿತು. “ಏನಮ್ಮಿ ಇದು?”

“ಅದು ಹಲಸಿನಕಾಯಿ ದೊಡ್ಡಪ್ಪಾ,” ಎಂದು ಬಾಗಿಲ ಹಿಂದಿನಿಂದ ಅಕ್ಕ ಅಂದಳು. “ನಮ್ಮನೇಲೇ ಮಾಡಿದ್ದು.”

“ಹಲಸಿನಕಾಯಿಗೆ ಯಾವಾಗ ಮೂಳೆ ಬಂತಮ್ಮಿ?”

ಎಲ್ಲರೂ ನಕ್ಕರು. ಅವರಲ್ಲೊಬ್ಬ ಜಗುಲಿಯಿಂದ ಬಗ್ಗಿ ಅಂಗಳಕ್ಕೆ ಕ್ಯಾಕರಿಸಿ ಉಗುಳಿದ. ಅಂಗಳವನ್ನು ಅಕ್ಕ ಬೆಳಿಗ್ಗೆ ಸಾರಿಸಿದ್ದಳು.

“ಅದು ನುಗ್ಗೆ ಕಡ್ಡಿ. ಬೇಕಾದ್ರೆ ನಮ್ ಹುಡುಗನ್ನೇ ಕೇಳಿ,” ಅಂದಳು ಅಕ್ಕ. ದನಿಯಲ್ಲಿ ಹೆದರಿಕೆ ಇರಲಿಲ್ಲ. ನಾನಿದ್ದೇನಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗಿಯ ತಂದೆ ಮೆತ್ತಗೆ ಕೇಳಿದರು: “ನೀವೂ ಅಲ್ಲೇ ಕೆಲ್ಸದಲ್ಲಿದ್ರಂತಲ್ಲ. ಹೇಳಿ, ಏನದು? ಅಲ್ಲಿ ಊಟ ತಿಂಡಿ ಎಲ್ಲಾ ಎಂಗೆ ನಡೀತಿತ್ತು?”

ಅಂಗಳದಾಚೆ ಸಿದ್ದು ಜೀಪಿಗೆ ಒರಗಿ ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಹುಬ್ಬು ಹಾರಿಸಿ ಕಿಸಿದ. ಅವನು ಹೇಳುತ್ತಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ನನಗೆ ಆ ಕಿಸಿಯುವಿಕೆಯೇ ಸಾಕಾಯಿತು. ‘ಅದು ಹಲಸಿನಕಾಯಿ, ನಾನೇ ಕಂಡಿದ್ದೇನೆ’ ಅಂದರೆ, ಹಾಗಾದರೆ ನೀನೇನು ತಿಂದೆ ಎಂದು ಕೇಳುತ್ತಾರೆ. ಕೇಳಿದರೆ ಸಿದ್ದು ಇದ್ದಾನೆ.

“ನಂಗೊತ್ತಿಲ್ಲ,” ಅಂದೆ. “ನಾನು ಲೈಟ್ ಹಿಡ್ಕೊಂಡು ಆಚೆ ಇದ್ದೆ. ಒಳಗೆ ಏನ್ ತಿಂದ್ರೋ ನೋಡ್ಲಿಲ್ಲ.”

ಬಾಗಿಲ ಹಿಂದಿನಿಂದ ಅಕ್ಕ ಒಳಕ್ಕೆ ಸರಿದಳು.

ಆಮೇಲಿನದನ್ನು ದೊಡ್ಡಪ್ಪ ತೀರ್ಮಾನ ಮಾಡಿದರು. ಹುಡುಗ ಒಳ್ಳೆಯವನು, ಅವನದೇನೂ ತಪ್ಪಿಲ್ಲ. ಅಕ್ಕ ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಳ್ಳಲಿ, ಇವನು ಅವಳ ಕೈಯಲ್ಲಿ ಉಣ್ಣುವುದು ಬೇಡ, ಆ ಸಿನಿಮಾ ಜಾತ್ರೆಗೆ ಯಾರೂ ಹೋಗುವುದು ಬೇಡ. ಹುಡುಗಿಯ ತಂದೆ ತಲೆಯಾಡಿಸಿದರು. ನಾನೂ ಆಡಿಸಿದೆ.

ಅವರು ಹೋದ ಮೇಲೆ ಅಕ್ಕ ಬಂದು ಕೆನೆ ಕಟ್ಟಿದ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಮೂಲೆಯಲ್ಲಿ ಬ್ಯಾಗು ಕಟ್ಟಿ ಇಟ್ಟಿತ್ತು. ಅದರ ಮೇಲೆ ಬಟ್ಟೆಯ ಗಂಟಿನಲ್ಲಿ ನಿಂಬೆಹಣ್ಣು. ಅವಳು ನನ್ನ ಮುಖ ನೋಡದೆ ಕೇಳಿದಳು:

“ನಾಳಿಕ್ ಬಸ್ಸು ಎಷ್ಟೊತ್ಗಲಾ?”

ಅಷ್ಟಾದ ಮೇಲೂ ಕೇಳಿದಳು. ನಾನು ಒಬ್ಬ ಬಂದರೆ ಸಾಕಿತ್ತು ಅವಳಿಗೆ. ಒಬ್ಬಳೇ ಗುಂಡ್ಲುಪೇಟೆ ದಾಟುವವಳಲ್ಲ. ಭಾಷೆ ಬಾರದ ಊರು.

“ನಾನ್ ಬರಾಕಿಲ್ಲ,” ಅಂದೆ.

ಮರುದಿನ ಅವಳು ಆ ನಿಂಬೆಹಣ್ಣನ್ನೆಲ್ಲ ಹೆಚ್ಚಿ ಉಪ್ಪಿನಕಾಯಿ ಹಾಕಿದಳು. ಶೈಲಾ ಫೋನು ಮಾಡಿದಾಗ ಅಕ್ಕನಿಗೆ ಮೈ ಸರಿಯಿಲ್ಲ ಅಂದೆ. ಫೆಸ್ಟಿವಲ್ ಮುಗಿದ ಮೇಲೆ ಅವರೇ ಮತ್ತೆ ಮಾಡಿ, ಆ ಊಟದ ಸೀನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ‘ಆ ತಾಯಿ ಎಲ್ಲಿ’ ಎಂದು ಕೇಳಿದರು, ಅಮ್ಮನಿಗೆ ಹೇಳಿ ಅಂದರು. ನಾನು ಅದನ್ನೂ ಹೇಳಲಿಲ್ಲ. ಗುಂಡ್ಲುಪೇಟೆಯ ಟಾಕೀಸಿಗಾಗಲಿ ಚಾಮರಾಜನಗರಕ್ಕಾಗಲಿ ಆ ಸಿನಿಮಾ ಬರಲೇ ಇಲ್ಲ.

ಆ ವಾರದಲ್ಲೇ ಇನ್ನೊಂದು ಮಾಡಿದೆ. ಚಳಿಗಾಲ, ಗುಂಡಿ ಬಗೆಯುವ ಕಾಲ. ಅಭ್ಯಾಸಬಲದಿಂದ ಅಕ್ಕ ಮಧ್ಯಾಹ್ನಕ್ಕೆ ನನಗೆ ಬುತ್ತಿ ಕಳಿಸಿದಳು. ಅವರೆಕಾಳಿನ ಸಾರು, ಮುದ್ದೆ. ಊರಿನವರು ನಾಲ್ಕು ಜನ ಅಲ್ಲೇ ಕೂತು ನೋಡುತ್ತಿದ್ದರು. “ತಿಂತಾನೇನ್ಲಾ ನೋಡನ,” ಎಂದು ಒಬ್ಬ ಪಿಸುಗುಟ್ಟಿದ. ನಾನು ಎದ್ದು ಹೋಗಿ ಬುತ್ತಿಯನ್ನು ನಾಯಿಗೆ ಸುರಿದೆ. ಅವರು ಮೆಚ್ಚಿ ತಲೆದೂಗಿದರು. ಕೊಳೆತ ಹೂವಿನ ರಸ ಮೊಣಕಾಲಿನವರೆಗೆ ಮೆತ್ತಿಕೊಂಡು, ಮೈಯೆಲ್ಲ ನಾರುತ್ತ, ಅಕ್ಕ ಮಾಡಿದ ಅಡುಗೆ ಮೈಲಿಗೆ ಎಂದು ನಾಯಿಗೆ ಹಾಕಿ ನಿಂತಿದ್ದೆನಲ್ಲ, ಆ ನಿಂತಿದ್ದವನನ್ನು ನೆನೆದರೆ ಉಗಿಯಬೇಕು ಅನ್ನಿಸುತ್ತದೆ. ಸಂಜೆವರೆಗೂ ಹೊಟ್ಟೆ ಹಸಿದು ಕೂಗುತ್ತಿತ್ತು. ಮನೆಗೆ ಬಂದರೆ ಹಂಡೆಯಲ್ಲಿ ನೀರು ಕಾದಿತ್ತು. ಊಟ ಕೊಡಬೇಡ ಅಂದಿದ್ದರು, ನೀರು ಕಾಯಿಸಬೇಡ ಅಂದಿರಲಿಲ್ಲ.

ಮದುವೆಯಾಯಿತು. ಕೆಲವು ವರ್ಷ ಕಳೆದ ಮೇಲೆ ಗುಂಡಿಯ ಕೆಲಸ ಬಿಟ್ಟು ಚಾಮರಾಜನಗರಕ್ಕೆ ಬಂದು ಗೂಡ್ಸ್ ಆಟೋ ಓಡಿಸತೊಡಗಿದೆ. ದೊಡ್ಡಪ್ಪ ತೀರಿಕೊಂಡರು. ಒಲೆ ಬೇರೆ ಎನ್ನುವುದನ್ನು ಜನ ಮರೆತರು. ನಿರ್ಮಲ ಅಕ್ಕನ ಕೈಯ ಊಟ ಇಷ್ಟಪಟ್ಟೇ ತಿನ್ನುತ್ತಾಳೆ. ಅಕ್ಕ ಬರುತ್ತಾಳೆ, ಒಂದೆರಡು ದಿನ ಇದ್ದು ಹೋಗುತ್ತಾಳೆ. ಬಸ್ಸಿನಲ್ಲೇ ಬರುತ್ತಾಳೆ. ವಾಂತಿ ಮತ್ತೆ ಬರಲೇ ಇಲ್ಲ. ಆ ವರ್ಷ ಕಲಿತದ್ದರಲ್ಲಿ ಅವಳಿಗೆ ಉಳಿದದ್ದು ಅದೊಂದು.

ಕಳೆದ ಬೇಸಿಗೆಯ ಆ ದಿನ ಮಾವನವರೂ ಮನೆಗೆ ಬಂದಿದ್ದರು. ಹಿತ್ತಲಲ್ಲಿ ಓಕರಿಸಿ, ಬಾಯಿ ಮುಕ್ಕಳಿಸುತ್ತಿದ್ದಾಗ ಒಳಗಿನ ಮಾತು ಕೇಳಿಸಿತು.

“ಅದ್ನ ಆ ಕಡೆ ಇಡಮ್ಮಿ,” ಅನ್ನುತ್ತಿದ್ದರು ಮಾವ, ನಗುತ್ತ. “ನಿನ್ ಕೈ ಸಾರು ಯಾವ್ದು ಅಂತ ನಂಬನ ನಾವು? ಕಡ್ಡಿ ಅಂತೀಯ, ಮೂಳೆ ಇರ್ತದೆ!”

ಅಕ್ಕ ಡಬ್ಬಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು, ಅಷ್ಟೇ. ಇಷ್ಟು ವರ್ಷಗಳ ಮೇಲೂ ಆ ಮಾತು ಅವರಿಗೆ ತಮಾಷೆ, ಅವಳಿಗೆ ಮುಚ್ಚಳ.

ಒಳಗೆ ಹೋಗಿ ಊಟದ ಎಲೆಯ ಮುಂದೆ ನಿಂತೆ. “ಮಾವ, ಅದು ಹಲಸಿನಕಾಯಿ.”

“ಇವತ್ತಿಂದು ಹಲಸಿನಕಾಯೇ ಇರ್ಬೌದು ಬುಡಪ್ಪ, ತಮಾಸೆಗಂದೆ.”

“ಅವತ್ತಿಂದೂ ಹಲಸಿನಕಾಯೇ. ಮೂಳೆ ಅಂದ್ರಲ್ಲ, ಅದು ನಮ್ಮ ಇತ್ಲ ನುಗ್ಗೆ ಕಡ್ಡಿ. ಎರ್ದೋನು ನಾನು. ಅದೇ ಪಾತ್ರೆ ಸಾರಲ್ಲಿ ಮುದ್ದೆ ಉಂಡೋನೂ ನಾನು. ನಂಗೆ ಎಲ್ಲಾ ಗೊತ್ತಿತ್ತು.” ಇನ್ನೊಂದು ಹೆಜ್ಜೆ ಮುಂದೆ ಇಟ್ಟೆ. “ಬಾಡು ತಿಂದೋನೂ ನಾನೇ ಮಾವ. ನಿಮ್ಮನ್ನ ಜೀಪಲ್ಲಿ ಕರ್ಕೊಂಡ್ ಬಂದನಲ್ಲ ಸಿದ್ದು, ಅವನ ಪಕ್ಕ ಕೂತು ಬೆರಳು ನೆಕ್ಕೊಂಡು ತಿಂದೆ. ಅದು ಆಚೆ ಬರ್ತದೆ ಅಂತ ಅಕ್ಕನ್ನ ಬುಟ್ಕೊಟ್ಟೆ.”

ನಿರ್ಮಲಳ ಕೈಯ ಸೌಟು ಅಲ್ಲೇ ನಿಂತಿತು. ಮಾವ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಏಳಲೂ ಇಲ್ಲ, ಉಣ್ಣಲೂ ಇಲ್ಲ.

ಮಾತಾಡಿದವಳು ಅಕ್ಕ. “ಯಾಕ್ಲಾ ಈಗ ಅದೆಲ್ಲಾ? ಉಣ್ಣೋ ಒತ್ನಲ್ಲಿ.” ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ನಂಗೆ ಅವತ್ತೇ ಗೊತ್ತಿತ್ತು ಬುಡು.”

“ಏನ್ ಗೊತ್ತಿತ್ತು?”

“ನಿನ್ ಅಂಗಿ ಒಗೀತಿದ್ದೋಳು ಯಾರ್ಲಾ? ಗುಂಡಿ ಗಬ್ಬು ಯಾವ್ದು, ಬಾಡಿನ ಜಿಡ್ಡು ಯಾವ್ದು ಅಂತ ನನ್ ಮೂಗಿಗೆ ತಿಳೀದಾ? ಬಾಗ್ಲಿಂದೆ ನಿಂತು ನಾನೂ ಒಂದ್ ಮಾತು ಅನ್ಬೌದಾಗಿತ್ತು. ಅಂದಿದ್ರೆ ನಿಂಗೆ ಈ ಹೆಣ್ಣು ಸಿಕ್ತಿತ್ತಾ?” ಎಂದು ನಿರ್ಮಲಳ ಕಡೆ ನೋಡಿದಳು. ಆಮೇಲೆ, “ತಿಂದಿದ್ಕೇನಿಲ್ಲ ಕಣ್ಲಾ. ನೀನ್ ಹಸಿದಿದ್ದೆ, ತಿಂದೆ. ಪರದೆ ಮ್ಯಾಲೆ ನನ್ ಮೊಕ ಒಂದ್ಸಲ ನೋಡ್ಬುಡ್ಬೇಕು ಅಂತಿತ್ತು, ಅಷ್ಟೇಯಾ,” ಅಂದಳು.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಅವಳ ಮಡಿಲಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಂದು ಹೋಳು ಕೈಗೆ ತೆಗೆದುಕೊಂಡೆ. ವಾಸನೆ ಮೂಗಿಗೆ ಬಡಿಯಿತು. ಬಾಯಿಗಿಟ್ಟು ಅಗಿದು ನುಂಗಿದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಯಾತಕ್ಕೋ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಜೋರಾಗಿಯೇ ಅಂದೆ:

“ನಾಳಿಕ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ದಲ್ಲಕ್ಕಾ ಅವತ್ತು, ನಾನ್ ನಿನ್ ಜೊತೆ ಬಸ್ ಅತ್ಬೇಕಾಗಿತ್ತು. ತಿಂದೋನು ನಾನು, ಉಗುಳಿಸ್ಕೊಂಡೋಳು ನೀನು. ನಿನ್ ಮೊಕ ನಿಂಗೇ ಕಾಣ್ದಂಗ್ ಮಾಡ್ಬುಟ್ಟೆ. ತಪ್ಪಾಯ್ತು ಕನಕ್ಕ. ನಂದು ತಪ್ಪಾಯ್ತು.”